ಒಂದೇ ಸಲ ಕೇಳುವ ದೇಶದಲ್ಲಿ

ಹೊರಡುವ ಮುಂಚೆ

ಆ ದೇಶದ ಹೆಸರು ಹೇಳಬಾರದು ಅಂತ ನಮ್ಮ ಭಾವನವರ ಅಪ್ಪಣೆಯಾಗಿದೆ. ಅಪ್ಪಣೆ ಅಂದರೆ, ಅವರು ಹಾಗೆ ನೇರವಾಗಿ ಎಲ್ಲಿ ಹೇಳುತ್ತಾರೆ? "ಬರಿ ಗಂಗಾ, ಬರಿ. ಒಳ್ಳೇ ಅಭ್ಯಾಸ. ಆದರೆ ಕೆಲವು ವಿವರ ಸ್ವಲ್ಪ ಮಬ್ಬಾಗಿದ್ರೆ ಎಲ್ಲರಿಗೂ ಹಿತ" ಅಂದರು. ಇದರ ಅರ್ಥ ಬಿಡಿಸಿಕೊಳ್ಳೋಕೆ ನನಗೆ ಒಂದು ವಾರ ಹಿಡಿಯಿತು. ಆಗ ರಾಯಭಾರಿಗಳು, ಈಗ ಒಂದು ರಾಜ್ಯದ ರಾಜ್ಯಪಾಲರು. ಯಾರು ಅಂತ ಗುರುತು ಸಿಗಬಾರದು, ಅಷ್ಟೇ ತಾನೇ? ಆಯಿತಪ್ಪಾ, ಹೇಳಲ್ಲ. ಯುರೋಪಿನ ನಡುವೆ ಇರುವ ಒಂದು ಸಣ್ಣ ದೇಶ ಅಂತ ತಿಳಿದುಕೊಳ್ಳಿ. ಅಲ್ಲಿ ಹಿಮ ಬೀಳುತ್ತೆ, ಟ್ರಾಮು ಓಡುತ್ತೆ, ಊಟಕ್ಕೆ ಕರೆದವರು ನಿಮ್ಮನ್ನು ಹಸಿವಿನಲ್ಲೇ ಎಬ್ಬಿಸಿ ಕಳಿಸುತ್ತಾರೆ.

ಭಾವನವರು ಹೊಳಲೂರಿನವರು. ಗದ್ದೆ ತೋಟ ಇದ್ದ ಮನೆ, ಮನೆಯಲ್ಲಿ ದಿನಾ ಲಿಂಗಪೂಜೆ, ಜಂಗಮರ ಊಟ. ನಮ್ಮಕ್ಕ ಗೌರಿಯನ್ನು ಕೊಟ್ಟಾಗ ಅವರು ಬೆಂಗಳೂರಿನಲ್ಲಿ ಸರ್ಕಾರಿ ಕೆಲಸದಲ್ಲಿದ್ದರು. ಸ್ವಾತಂತ್ರ್ಯ ಬಂದ ಮೇಲೆ ದೇಶಕ್ಕೆ ಹೊರಗಡೆ ಆಫೀಸು ನಡೆಸುವವರು ಬೇಕಾದರು, ಇವರ ಇಂಗ್ಲಿಷು ಚೆನ್ನಾಗಿತ್ತು, ಕೋಪ ಅನ್ನೋದು ಮೈಯಲ್ಲೇ ಇರಲಿಲ್ಲ, ಡೆಲ್ಲಿಯವರು ಎತ್ತಿಕೊಂಡು ಹೋದರು. ಆಮೇಲೆ ಪೂರ್ವಕ್ಕೆ ಎರಡು ದೇಶ, ಆಫ್ರಿಕಾದಲ್ಲಿ ಒಂದು, ನಡುನಡುವೆ ಡೆಲ್ಲಿ, ಕೊನೆಗೆ ಈ ಹಿಮದ ಊರು. ಭಾವ ಎಲ್ಲಿಗೆ ಹೋದರೆ ಅಕ್ಕ ಅಲ್ಲಿಗೆ. ಪೆಟ್ಟಿಗೆ ಕಟ್ಟೋದು, ಪೆಟ್ಟಿಗೆ ಬಿಚ್ಚೋದು.

ನಾನೋ ಭದ್ರಾವತಿ ಬಿಟ್ಟು ಆಚೆ ಹೋದವಳೇ ಅಲ್ಲ. ಯಜಮಾನರು ಕಾರ್ಖಾನೆಯಲ್ಲಿ ಫೋರ್‌ಮನ್ನು, ನಾನು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಟೀಚರು. ಹೀಗಿರುವಾಗ ಭಾವನಿಂದ ಹಡಗಿನ ಟಿಕೇಟು ಬಂತು. ಅಕ್ಕ ಮಂಜಿನ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಾಳೆ, ತಮಗೆ ಇನ್ನೇನು ರಿಟೈರು, ಮನೆ ಖಾಲಿ ಮಾಡಬೇಕು, ಬಂದು ಕೈಜೋಡಿಸಿದರೆ ಉಪಕಾರವಾಗುತ್ತೆ ಅಂತ. ಸ್ಕೂಲಿನಲ್ಲಿ ರಜಾ ಕೇಳಿದೆ. ಗೊಣಗಿಕೊಂಡು ಕೊಟ್ಟರು.

ಒಂದು ವಿಷಯಕ್ಕೆ ನನಗೆ ಖುಷಿಯಾಗಿತ್ತು. ಶಿವಮೊಗ್ಗದ ವಿದ್ಯಾನಗರದಲ್ಲಿ ಅಕ್ಕನಿಗೋಸ್ಕರ ಮನೆ ಕಟ್ಟಿಸಿ ಮುಗಿದಿತ್ತು. ಭಾನುವಾರ ಭಾನುವಾರ ನನ್ನ ಯಜಮಾನರೇ ಸೈಕಲ್ಲು ತುಳಿದುಕೊಂಡು ಹೋಗಿ ಮೇಸ್ತ್ರಿಯ ಬೆನ್ನು ಹತ್ತಿ ಮಾಡಿಸಿದ ಮನೆ. ಅಕ್ಕ ಬರ್ತಾಳೆ, ಇನ್ನು ಬಸ್ಸು ಹತ್ತಿದರೆ ಅಕ್ಕನ ಮನೆ. ಅಷ್ಟು ಸಾಕಿತ್ತು ನನಗೆ.

ಹಡಗು

ಬೊಂಬಾಯಿಯಲ್ಲಿ ಹಡಗು ಹತ್ತಿದ ದಿನದಿಂದ ಉಪವಾಸ. ವಾಂತಿಯಿಂದ ಅಂದುಕೊಂಡಿರಾ? ಅಲ್ಲ. ಸಮುದ್ರ ನನ್ನನ್ನು ಏನೂ ಮಾಡಲಿಲ್ಲ. ನನ್ನನ್ನು ಉಪವಾಸ ಕೆಡವಿದ್ದು ನನ್ನ ಬಾಯಿ.

ಮೊದಲ ದಿನ ಬಿಳಿ ಕೋಟಿನ ಸಪ್ಲೈಯರ್ ಬ್ರೆಡ್ಡು ಪಲ್ಯ ತಂದು "ಬೇಕಾ?" ಅನ್ನೋ ಹಾಗೆ ಬಗ್ಗಿದ. ನಾನು ಅಭ್ಯಾಸಬಲದಿಂದ "ಬೇಡ ಬೇಡ" ಅಂತ ಕೈ ಅಡ್ಡ ಹಿಡಿದೆ. ಅವನು ಥಟ್ಟನೆ ತಟ್ಟೆ ಎತ್ತಿಕೊಂಡು ಪಕ್ಕದವರ ಹತ್ತಿರ ಹೋದ! ನಾನು ಅವನ ಬೆನ್ನನ್ನೇ ನೋಡುತ್ತಾ ಕೂತೆ. ಈಗ ತಿರುಗುತ್ತಾನೆ, ಈಗ ತಿರುಗುತ್ತಾನೆ ಅಂತ. ತಿರುಗಲಿಲ್ಲ ಪುಣ್ಯಾತ್ಮ.

ನಮ್ಮ ಕಡೆ ಬೇಡ ಅನ್ನೋದು ಊಟದ ಶುರು. ಮದುವೆಮನೆಯಲ್ಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು, ಅರ್ಧ ಎದ್ದು, "ಅಯ್ಯಯ್ಯೋ ಸಾಯ್ತೀನಿ, ಬೇಡಾ" ಅಂತ ಕೂಗಿದರೂ ಬಡಿಸುವವನು ಬೆರಳ ಸಂದಿಯಲ್ಲಿ ತುಪ್ಪ ಸುರಿದು ಹೋಗುತ್ತಾನೆ. ಸುರಿಯದೆ ಮುಂದೆ ಹೋದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಕೇಳಿದ ತಕ್ಷಣ ಹಾಕಿ ಅಂದುಬಿಟ್ಟರೆ ಊಟಕ್ಕೆ ಗತಿಯಿಲ್ಲದವಳು ಅಂದುಕೊಳ್ಳಲ್ವೇ? ಹೀಗೆ ಬೆಳೆದವಳನ್ನು ತಂದು ಆ ಹಡಗಿನ ಊಟದ ಹಾಲಿನಲ್ಲಿ ಕೂರಿಸಿದರೆ ಏನಾಗಬೇಕು? ನನ್ನ ಟೇಬಲ್ಲಿನಲ್ಲಿದ್ದ ಬೊಂಬಾಯಿಯ ಒಬ್ಬ ಪಾರ್ಸಿ ಅಜ್ಜಿ ಕೊನೆಗೆ ಕನಿಕರಪಟ್ಟು ಹೇಳಿದರು: ಇವರು ಒಂದೇ ಸಲ ಕೇಳೋದು ಮಗಳೇ, ಇನ್ನೊಂದು ಸಲ ಕೇಳಿದರೆ ಅದು ಇವರಿಗೆ ಅವಮಾನ. ಇದೆಂಥಾ ಅವಮಾನ? ಹೊಟ್ಟೆ ನಂದು, ಅವಮಾನ ಇವರದ್ದು. ಮೈಯೆಲ್ಲ ಉರಿದುಹೋಯಿತು.

ಅವತ್ತಿನಿಂದ ಬಾಯಿ ಬಿಗಿಹಿಡಿದು, ಕೇಳುವ ಮುಂಚೆಯೇ ತಲೆ ಆಡಿಸೋದು ಕಲಿತೆ. ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು. ಹೊಟ್ಟೆಯಂತೂ ತುಂಬಿತು.

ಜಿನೋವಾದಿಂದ ರೈಲಿನಲ್ಲಿ

ಜಿನೋವಾ ಬಂದರಿನಲ್ಲಿ ಇಳಿದು ರೈಲು ಹತ್ತಿದೆ. ರೈಲು ಚೆನ್ನಾಗಿತ್ತು, ಒಳಗಿದ್ದ ಜನಕ್ಕೆ ಏನಾಗಿತ್ತೋ ಗೊತ್ತಿಲ್ಲ. ಎದುರುಬದುರು ಆರು ಜನ, ಮೊಣಕಾಲಿಗೆ ಮೊಣಕಾಲು ತಾಗುತ್ತೆ, ಒಬ್ಬರೂ ಪಿಟ್ಟೆನ್ನಲಿಲ್ಲ. ನಮ್ಮಲ್ಲಿ ಸಾವಿನ ಮನೆಯಲ್ಲೂ ಇಷ್ಟು ಮೌನ ಇರಲ್ಲ. ಸೀರೆ ಉಟ್ಟ ಹೆಂಗಸು, ಹಣೆಯ ಮೇಲೆ ವಿಭೂತಿ, ಕಾಲಲ್ಲಿ ಯಜಮಾನರ ಉಣ್ಣೆ ಕಾಲುಚೀಲ, ನೋಡೋಕೆ ಒಂದು ತಮಾಷೆಯೇ ಇದ್ದೆನಲ್ಲ? ನೋಡಲೂ ಇಲ್ಲ. ನೋಡದ ಹಾಗೆ ನೋಡಿದರು, ಅದು ಇನ್ನೂ ಕೋಪ ಬರಿಸುತ್ತೆ.

ಡಬ್ಬಿ ಬಿಚ್ಚಿ ಚಕ್ಕುಲಿ ಹಿಡಿದೆ. ಬೇಡ ಅಂತ ತಲೆ ಆಡಿಸಿದರು. ನಾನು ಬಿಡ್ತೀನಾ? ಮೂರು ಸಲ ಒತ್ತಾಯ ಮಾಡಿದೆ. ಎದುರಿನ ಮುದುಕಪ್ಪ ಹೆದರಿಕೊಂಡು ಒಂದು ತೆಗೆದುಕೊಂಡ. ತಿನ್ನಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿನಲ್ಲಿಟ್ಟುಕೊಂಡ. ಪೊಲೀಸಿಗೆ ತೋರಿಸೋಕೆ ಅಂತಲೇ ಇರಬೇಕು.

ಆ ಊರು ಬಂದಾಗ ಹಿಮ ಬೀಳುತ್ತಿತ್ತು. ಸ್ಟೇಷನ್ನಿನ ಆಚೆ ಕಾಲಿಟ್ಟೆ. ಸೀರೆ ಅಂಚು ಒದ್ದೆಯಾಗಿ, ಕಾರಿನ ತನಕ ನಡೆಯೋದರೊಳಗೆ ಹಪ್ಪಳದ ಹಾಗೆ ಸೆಟೆದುಕೊಂಡಿತು. ಕರೆದುಕೊಂಡು ಹೋಗೋಕೆ ಬಂದಿದ್ದ ಭಾವ, ಕಪ್ಪು ಕೋಟು, ಬೆಳ್ಳಿ ಕೂದಲು, "ಪ್ರಯಾಣ ಸುಖವಾಗಿತ್ತಾ ಗಂಗಾ?" ಅಂದರು. "ಏನು ಸುಖ ಭಾವ, ಉಪವಾಸ ಬಿದ್ದು ಸತ್ತೆ" ಅಂದೆ. "ಹಾಗಾ? ಒಟ್ಟಿನಲ್ಲಿ ಒಳ್ಳೆಯ ಅನುಭವ" ಅಂತ ನಕ್ಕರು. ಇದೇ ನೋಡಿ ಅವರ ವಿದ್ಯೆ. ಬೆಂಕಿ ಬಿದ್ದಿದೆ ಅಂದರೂ ಬೆಳಕು ಚೆನ್ನಾಗಿದೆ ಅನ್ನುತ್ತಾರೆ.

ರಾಯಭಾರಿಗಳ ಮನೆ

ದೊಡ್ಡ ಮನೆ. ನಮ್ಮ ಸ್ಕೂಲಿನ ಮೂರು ಕ್ಲಾಸು ಹಿಡಿಸುವಷ್ಟು ದೊಡ್ಡ ಹಾಲು, ಅದರ ತುಂಬಾ ಯಾರೂ ಕೂರದ ಕುರ್ಚಿ. ಅಕ್ಕ ಒಳಗಿನ ರೂಮಿನಲ್ಲಿ ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಕಿಟಕಿ ಹತ್ತಿರ ಕೂತಿದ್ದಳು. ಸೊರಗಿ ಅರ್ಧ ಆಗಿದ್ದಳು. ನನ್ನನ್ನು ನೋಡಿ ಅತ್ತಳು, ನಾನೂ ಅತ್ತೆ. ಆಮೇಲೆ ನನ್ನ ಕಾಲುಚೀಲ ನೋಡಿ ನಕ್ಕಳು.

ಊಟಕ್ಕೆ ಕೂತೆವು. ಅನ್ನ, ಬೇಳೆಸಾರು. ಶಿವನೇ, ಎಷ್ಟು ದಿನವಾಗಿತ್ತು! ಅಲ್ಲಿ ಅಡಿಗೆಯವಳು ತಂದು ಮೇಜಿನ ಮೇಲೆ ಇಟ್ಟು ಹೋಗುತ್ತಾಳೆ, ಮನೆಯವರೇ ಬಡಿಸಬೇಕು. ಅಕ್ಕನ ಕೈ ಆಗಲ್ಲ, ಭಾವ ಬಡಿಸಿದರು. ನನ್ನ ತಟ್ಟೆ ಖಾಲಿಯಾಯಿತು. "ಇನ್ನು ಸ್ವಲ್ಪ ಅನ್ನ, ಗಂಗಾ?" ಅಂದರು. ನಮ್ಮ ಮನೆ, ನಮ್ಮ ಭಾವ, ಹೊಳಲೂರಿನ ಪಂಕ್ತಿಯಲ್ಲಿ ಕೂತು ಉಂಡು ಬೆಳೆದವರು. ಹಡಗಿನ ಪಾಠವೆಲ್ಲ ಮರೆತು ನೆಮ್ಮದಿಯಾಗಿ "ಬೇಡ ಭಾವ, ಸಾಕು" ಅಂದೆ.

ಭಾವ ಪಾತ್ರೆಯ ಮುಚ್ಚಳ ಮುಚ್ಚಿಬಿಟ್ಟರು.

ನಾನು ಅಕ್ಕನ ಮುಖ ನೋಡಿದೆ. ಅವಳು ತಲೆ ಬಗ್ಗಿಸಿಕೊಂಡು ನಗುತ್ತಿದ್ದಳು. ಆಮೇಲೆ ಅಡಿಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಎಡಗೈಯಲ್ಲೇ ಚಮಚ ಹಿಡಿದು ನನಗೆ ಎರಡು ಸೌಟು ಅನ್ನ ಮೊಸರು ಕಲಸಿಕೊಟ್ಟು, "ನಿಮ್ಮ ಭಾವ ಈಗ ಇಲ್ಲಿನವರ ಥರಾನೇ ಕಣೇ. ಒಂದ್ಸಲ ಕೇಳ್ತಾರೆ, ಹೇಳಿದ್ದನ್ನ ನಂಬಿಬಿಡ್ತಾರೆ" ಅಂದಳು. ಆಗ ನಾನೂ ನಕ್ಕೆ.

ಮಾರನೆಯ ದಿನದಿಂದ ಪೆಟ್ಟಿಗೆ ಕಟ್ಟೋ ಕೆಲಸ. ಅಕ್ಕ ಹೇಳೋದು, ನಾನು ಮಡಿಸಿ ತುಂಬೋದು. ಪಿಂಗಾಣಿ ಒಂದು ಕಡೆ, ಪುಸ್ತಕ ಒಂದು ಕಡೆ, ಸೀರೆ ಒಂದು ಕಡೆ. ಆಫೀಸಿನಿಂದ ಒಬ್ಬ ಗುಮಾಸ್ತ ಬಂದು ಮುಚ್ಚಿದ ಪೆಟ್ಟಿಗೆಗಳ ಮೇಲೆ ವಿಳಾಸದ ಚೀಟಿ ಅಂಟಿಸಿ ಹೋದ. ಅವನು ಹೋದ ಮೇಲೆ ಓದಿದೆ. ಶಿವಮೊಗ್ಗ ಅಂತ ಒಂದರ ಮೇಲೂ ಇಲ್ಲ. ಎಲ್ಲದರ ಮೇಲೂ ರಾಜಭವನ ಅಂತಿದೆ, ಕೆಳಗೆ ಉತ್ತರದ ಕಡೆಯ ಒಂದು ಊರಿನ ಹೆಸರು.

"ಅಕ್ಕಾ, ಇದೇನೇ ಇದು?"

"ಅದಾ? ಹೇಳಬೇಕು ಅಂತಿದ್ದೆ. ಇವರನ್ನ ರಾಜ್ಯಪಾಲರನ್ನ ಮಾಡ್ತಾರಂತೆ."

"ಮತ್ತೆ ರಿಟೈರು?"

"ರಿಟೈರು ಆದ ಮೇಲೆ ಇದು."

"ವಿದ್ಯಾನಗರದ ಮನೆ?"

"ಬಾಡಿಗೆಗೆ ಕೊಡೋಣ ಅಂದ್ರು."

ನನ್ನ ಯಜಮಾನರು ಬಿಸಿಲಲ್ಲಿ ನಿಂತು ನೀರು ಹಾಕಿಸಿದ ಗೋಡೆ! ಆದರೂ ಕೋಪ ನುಂಗಿಕೊಂಡು, "ನಿನ್ನನ್ನ ಕೇಳಿದ್ರಾ?" ಅಂದೆ.

"ಕೇಳಿದ್ರು. ಪಾಪ, ಕೇಳದೆ ಏನೂ ಮಾಡಲ್ಲ. ಗೌರಿ, ಹೀಗೊಂದು ಬಂದಿದೆ, ನಿನ್ನ ಅಭಿಪ್ರಾಯ ಏನು ಅಂದ್ರು."

"ನೀನೇನಂದೆ?"

"ನಿಮ್ಮಿಷ್ಟ ಅಂದೆ."

"ಆಮೇಲೆ?"

"ಆಮೇಲೇನು? ಥ್ಯಾಂಕ್ಯೂ ಅಂದ್ರು."

ನಾನು ತಲೆ ಚಚ್ಚಿಕೊಂಡೆ. ನಿಮ್ಮಿಷ್ಟ ಅನ್ನೋದು ಒಂದು ಉತ್ತರವೇ? ನಮ್ಮ ಮನೆಗಳಲ್ಲಿ ಹೆಂಗಸರು ನಿಮ್ಮಿಷ್ಟ ಅಂದರೆ ಇನ್ನೊಂದು ಸಲ ಕೇಳಿ ಅಂತ. ಎರಡನೆಯ ಸಲ ಕೇಳಿದಾಗ ನಂದೇನಿದೆ ಅನ್ನುತ್ತೇವೆ. ಮೂರನೆಯ ಸಲ ಕೇಳಿದಾಗ ಹೊಟ್ಟೆಯೊಳಗಿದ್ದದ್ದು ಹೊರಗೆ ಬರುತ್ತೆ. ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ಹೊಳಲೂರಿನಲ್ಲಿ ಹುಟ್ಟಿದ ಈ ಮನುಷ್ಯನಿಗೆ ಮರೆತುಹೋಗಿದೆ.

"ನಿನಗೆ ಹೋಗಬೇಕಾ ಅಲ್ಲಿಗೆ? ನಿಜ ಹೇಳು ಮಾರಾಯ್ತಿ."

ಅಕ್ಕ ಪ್ಲಾಸ್ಟರನ್ನು ಸವರಿಕೊಂಡಳು. "ನಾನು ಜಗಳ ಆಡಿ ಎಷ್ಟು ವರ್ಷ ಆಯ್ತು ಗೊತ್ತಾ ಗಂಗಾ?" ಅಂದಳು.

ನನಗೆ ತಲೆಬುಡ ತಿಳಿಯಲಿಲ್ಲ.

"ನಿಜವಾಗ್ಲೂ. ರಾಯಭಾರಿ ಹೆಂಡತಿ ಜಗಳ ಆಡೋ ಹಾಗಿಲ್ಲ. ತರಕಾರಿಯವನು ಕೊಳೆತದ್ದು ಕೊಟ್ರೆ ನಗಬೇಕು. ಪಕ್ಕದ ಮನೆಯವಳು ನಮ್ಮ ದೇಶದ ಬಗ್ಗೆ ಏನೋ ಅಂದ್ರೆ ನಗಬೇಕು. ಒಂದು ಊರಿನ ಭಾಷೆ ನಾಲಿಗೆ ಮೇಲೆ ಬಂತು, ಇನ್ನೇನು ನಾಲ್ಕು ಮಾತು ಬಿಡಿಸಿ ಆಡಬಹುದು ಅನ್ನೋ ಹೊತ್ತಿಗೆ ವರ್ಗ. ಮತ್ತೆ ಹೊಸದಾಗಿ ನಗಬೇಕು. ನನ್ನ ದವಡೆ ನೋಯುತ್ತೆ ಕಣೇ. ಶಿವಮೊಗ್ಗದ ಸಂತೆಯಲ್ಲಿ ಸೊಪ್ಪಿನವಳ ಜೊತೆ ಗಂಟಲು ಹರಿಯೋ ಹಾಗೆ ಕೂಗಾಡಬೇಕು ಅಂತ ಆಸೆ ನನಗೆ. ರಾಜಭವನದಲ್ಲಿ ಅದು ಆಗುತ್ತಾ?"

"ಇದನ್ನ ಭಾವನಿಗೆ ಹೇಳು."

"ಅವರು ಕೇಳಿದ್ರೆ ತಾನೇ? ನಾನಾಗೇ ಹೋಗಿ ಹೇಳಲಾ? ಚೆನ್ನಾಗಿರುತ್ತಾ?"

ಇವಳಿಗೂ ನಾಲ್ಕು ಬಿಡಬೇಕು ಅನ್ನಿಸಿತು. ಒಬ್ಬರು ಇನ್ನೊಂದು ಸಲ ಕೇಳಲ್ಲ, ಒಬ್ಬರು ಕೇಳದೆ ಹೇಳಲ್ಲ. ಇಬ್ಬರ ಮಧ್ಯೆ ಪೆಟ್ಟಿಗೆಗಳು ಮಾತ್ರ ರಾಜಭವನಕ್ಕೆ ಹೊರಟು ನಿಂತಿವೆ.

ಔತಣದ ಮಧ್ಯಾಹ್ನ

ಭಾವ ಆ ದೇಶ ಬಿಡುವ ಮುಂಚೆ ಕೊನೆಯ ಔತಣ ಅಂತ ಒಂದು ಮಧ್ಯಾಹ್ನ ನಾಲ್ಕಾರು ದೊಡ್ಡವರನ್ನು ಕರೆದಿದ್ದರು. ಅಡಿಗೆಯವಳ ಜೊತೆಗೆ ನಾನೂ ಸೇರಿ ಹೋಳಿಗೆ ಮಾಡಿದೆ. ಬೇಳೆ, ಬೆಲ್ಲ ಭದ್ರಾವತಿಯಿಂದ ಹೊತ್ತು ತಂದದ್ದು. ಅಲ್ಲಿಯ ಬೆಣ್ಣೆ ಚೆನ್ನಾಗಿರುತ್ತೆ, ಅದನ್ನು ಒಪ್ಪಬೇಕು. ಕಾಯಿಸಿದ ತುಪ್ಪದ ವಾಸನೆ ಹಾಲಿನ ತನಕ ಹೋಯಿತು.

ಅಲ್ಲಿ ಊಟಕ್ಕೆ ಕೂರೋದೂ ಒಂದು ಶಾಸ್ತ್ರ. ಯಾರ ಪಕ್ಕದಲ್ಲಿ ಯಾರು ಅಂತ ಭಾವ ಮೂರು ದಿನ ತಲೆ ಕೆಡಿಸಿಕೊಂಡಿದ್ದರು. ಗಂಡಹೆಂಡತಿ ಅಕ್ಕಪಕ್ಕ ಕೂರಬಾರದಂತೆ. ಯಾಕೆ ಅಂತ ಕೇಳಿದರೆ, ಮನೆಯಲ್ಲಿ ದಿನಾ ಕೂರ್ತಾರಲ್ಲ ಅಂದರು. ಅಕ್ಕ ಮೇಜಿನ ಆ ತುದಿ, ಭಾವ ಈ ತುದಿ, ನಡುವೆ ಒಂದು ಫರ್ಲಾಂಗು. ಅಕ್ಕ ಅಲ್ಲಿಂದ ನಗುತ್ತಿದ್ದಳು. ದವಡೆ ನೋಯುತ್ತೆ ಅಂದದ್ದು ನೆನಪಾಗಿ ನನಗೆ ಊಟ ಸೇರಲಿಲ್ಲ.

ಬಡಿಸೋಕೆ ನಾನು ಎದ್ದೆ. ನನ್ನ ಹತ್ತಿರ ಒಬ್ಬ ದೊಡ್ಡ ಅಧಿಕಾರಿಯ ಹೆಂಡತಿ ಕೂತಿದ್ದರು, ವಯಸ್ಸಾದವರು, ಮೃದು ಮುಖ. ಒಂದು ಹೋಳಿಗೆ ತಿಂದರು. ಇನ್ನೊಂದು ಹಿಡಿದೆ. ಬೇಡ ಅಂತ ಕೈ ಅಡ್ಡ ಇಟ್ಟರು. ಕೈ ಅಡ್ಡ ಇಟ್ಟ ತಕ್ಷಣ ನನಗೆ ಊರೇ ನೆನಪಾಯಿತು. ಆಹಾ, ಇವರಿಗೂ ಬರುತ್ತೆ ಅಂತ ಖುಷಿಯಾಗಿ ಒಂದು ಹಾಕಿ ತುಪ್ಪ ಸುರಿದೆ. ಅವರು ಭಾವನ ಕಡೆ ನೋಡಿದರು, ನಕ್ಕರು, ತಿಂದರು. ತಟ್ಟೆ ಖಾಲಿ ಇಟ್ಟರೆ ಇನ್ನೂ ಬೇಕು ಅಂತಲೇ ಅರ್ಥ, ಇನ್ನೊಂದು ಹಾಕಿದೆ. ಅದನ್ನೂ ತಿಂದರು. ಹಣೆಯ ಮೇಲೆ ಬೆವರು ಬಂತು, ಆ ಚಳಿಯಲ್ಲಿ! ಕಾಫಿಯ ಹೊತ್ತಿಗೆ ಗಂಡನ ತೋಳು ಹಿಡಿದುಕೊಂಡು ಬೇಗ ಹೊರಟುಹೋದರು.

ಉಳಿದವರೂ ಹೋದ ಮೇಲೆ ಭಾವ ನನ್ನನ್ನು ತಮ್ಮ ಓದುವ ಕೋಣೆಗೆ ಕರೆದರು. ಅಕ್ಕ ಮಲಗಿಕೊಳ್ಳೋಕೆ ಹೋಗಿದ್ದಳು.

"ಗಂಗಾ, ನಿನ್ನ ಉತ್ಸಾಹ ನನಗೆ ಗೊತ್ತು" ಅಂತ ಶುರು ಮಾಡಿದರು. ಬಯ್ಯೋದಕ್ಕೂ ಒಂದು ಮುನ್ನುಡಿ. "ಆದರೆ ಇಲ್ಲಿ ಬೇಡ ಅಂದ್ರೆ ಬೇಡ ಅಂತಲೇ ಅರ್ಥ. ಆಕೆಗೆ ಸಿಹಿ ಆಗಲ್ಲ. ನಿನ್ನ ಮನಸ್ಸು ನೋಯಬಾರದು ಅಂತ ತಿಂದ್ರು. ನೋಡು, ಒಬ್ಬರನ್ನ ಒಂದು ಸಲ ಕೇಳಬೇಕು, ಅವರು ಹೇಳಿದ್ದನ್ನ ನಂಬಬೇಕು. ಅದೇ ಮರ್ಯಾದೆ. ನಾನು ಇಷ್ಟು ವರ್ಷ ಕಲಿತದ್ದು ಇದೇ."

ಆ ಮುದುಕಮ್ಮನ ವಿಷಯದಲ್ಲಿ ತಪ್ಪು ನಂದೇ, ನಾಚಿಕೆಯೂ ಆಯಿತು. ಆದರೆ ಆ ಕೊನೆಯ ಮಾತಿಗೆ ಮಾತ್ರ ತಡೆಯಲಾಗಲಿಲ್ಲ.

"ಹಾಗೇ ತಾನೇ ಅಕ್ಕನ್ನ ಕೇಳಿದ್ದು ನೀವು? ಒಂದೇ ಸಲ!"

ಭಾವ ಕನ್ನಡಕ ತೆಗೆದರು. "ಗೌರಿ ಒಪ್ಪಿದಳಲ್ಲ. ನಿಮ್ಮಿಷ್ಟ ಅಂದಳು."

"ಅದು ಒಪ್ಪಿದ್ದಾ ಭಾವ? ನಿಮ್ಮ ತಾಯಿ ನಿಮ್ಮಿಷ್ಟ ಅಂದಾಗ ನಿಮ್ಮ ತಂದೆ ಸುಮ್ಮನಿರ್ತಿದ್ರಾ? ಊರಿಗೆಲ್ಲ ಭೂಕಂಪ ಆಗ್ತಿರಲಿಲ್ವಾ? ದೇಶದೇಶಗಳ ಮಂತ್ರಿಗಳ ಮನಸ್ಸಲ್ಲಿ ಏನಿದೆ ಅಂತ ಬಗೆದು ಡೆಲ್ಲಿಗೆ ಬರೀತೀರಿ, ಮನೇಲಿರೋಳ ಮನಸ್ಸು ಓದೋಕೆ ಬರಲ್ವಾ?"

"ನೀನು ಸ್ವಲ್ಪ ಜೋರಾಗಿ ಹೇಳ್ತಿದ್ದೀಯ." ಆಮೇಲೆ ಅದೇ ಮೆತ್ತನೆಯ ದನಿಯಲ್ಲಿ, "ನನಗೂ ಈ ಹುದ್ದೆಯ ಆಸೆ ಇರಲಿಲ್ಲ ಗಂಗಾ. ಮೊದಲು ಬಂದಾಗ ನಾನು ಬೇಡ ಅಂತಲೇ ಬರೆದೆ. ಎರಡನೇ ಸಲವೂ ಬೇರೆಯವರನ್ನ ನೋಡಿ ಅಂದೆ. ಮತ್ತೆ ಒತ್ತಾಯ ಮಾಡಿದ್ರು, ಅದಕ್ಕೇ ಒಪ್ಪಿಕೊಂಡೆ" ಅಂದರು.

ನಾನು ಆ ಮನುಷ್ಯನನ್ನೇ ನೋಡಿದೆ. ಅವರಿಗೆ ತಾವು ಹೇಳಿದ್ದೇನು ಅಂತ ತಿಳಿದಿರಲಿಲ್ಲ.

"ಭಾವ, ನಿಮಗೆ ಆಸೆ ಇತ್ತೋ ಇಲ್ಲವೋ?"

"ಅಂದ್ರೆ... ಇರಲಿಲ್ಲ ಅಂತ ಅಲ್ಲ."

"ಮತ್ತೆ ಬೇಡ ಅಂದಿದ್ದು?"

"ಅದು ಮರ್ಯಾದೆಗೆ."

"ನಿಮ್ಮನ್ನ ಮೂರು ಸಲ ಕೇಳಿದ್ರು. ಮೂರು ಸಲ ಕೇಳಬೇಕು ಅಂತ ನಿಮಗೆ ಗೊತ್ತಿತ್ತು. ಅಕ್ಕನಿಗೆ ಮಾತ್ರ ಒಂದೇ ಸಲ!"

ಭಾವ ಕನ್ನಡಕವನ್ನು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಹಿರಿಯರು, ರಾಯಭಾರಿಗಳು, ಏನು ಮಾತಾಡಿಬಿಟ್ಟೆ! ಎದ್ದು ಬಂದು ಪೆಟ್ಟಿಗೆಗಳ ನಡುವೆ ಕೂತೆ.

ಮಾರನೆಯ ಬೆಳಿಗ್ಗೆ

ಬೆಳಿಗ್ಗೆ ತಿಂಡಿಗೆ ಮೂವರೂ ಕೂತಿದ್ದೆವು. ಅಕ್ಕ ಸ್ನಾನ ಪೂಜೆ ಮುಗಿಸಿ ಹಣೆತುಂಬ ವಿಭೂತಿ ಇಟ್ಟುಕೊಂಡು ಬಂದಿದ್ದಳು. ಎಡಗೈಯಲ್ಲಿ ಉಪ್ಪಿಟ್ಟು ತಿನ್ನೋಕೆ ಒದ್ದಾಡುತ್ತಿದ್ದಳು. ಭಾವ ಕೆಮ್ಮಿದರು.

"ಗೌರಿ, ನಾನು ಹಿಂದೆ ಒಂದು ವಿಷಯ ಕೇಳಿದ್ದೆ. ರಾಜಭವನದ್ದು. ನಿನಗೆ ಒಪ್ಪಿಗೆ ತಾನೇ?"

ಅಕ್ಕ ತಲೆ ಎತ್ತದೆ, "ನಂದೇನಿದೆ, ನಿಮಗೆ ಹೇಗೆ ಅನುಕೂಲವೋ ಹಾಗೆ" ಅಂದಳು.

ಭಾವ ನನ್ನ ಕಡೆ ತಿರುಗಿದರು. ನೋಡಿದೆಯಾ, ನಾನು ಹೇಳಲಿಲ್ವಾ ಅನ್ನೋ ಮುಖ. ನನಗೆ ಆ ಉಪ್ಪಿಟ್ಟಿನ ತಟ್ಟೆ ಎತ್ತಿ ನೆಲಕ್ಕೆ ಕುಕ್ಕಬೇಕು ಅನ್ನಿಸಿತು. "ಇದು ಎರಡನೇದು ಭಾವ" ಅಂದೆ. "ಇನ್ನೊಂದಿದೆ."

ಭಾವ ಚಮಚ ಕೆಳಗಿಟ್ಟರು. ಕುರ್ಚಿಯನ್ನು ಅಕ್ಕನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಬಂದ ದನಿ ರಾಯಭಾರಿಯದ್ದಲ್ಲ. ನನ್ನ ಅಕ್ಕನನ್ನು ನೋಡೋಕೆ ಬಂದು ಕಾಲು ಮಡಚಿ ಕೂತಿದ್ದ ಹುಡುಗನದ್ದು.

"ಗೌರಿ, ನಿಂಗೇನು ಬೇಕು ಹೇಳೇ. ನಂಗೆ ನಿಜವಾಗ್ಲೂ ಗೊತ್ತಿಲ್ಲ."

ಅಕ್ಕ ಅವರ ಮುಖ ನೋಡಿದಳು, ತಟ್ಟೆ ನೋಡಿದಳು. ಕಣ್ಣು ತುಂಬಿಕೊಂಡವು.

"ನಾನು ಬರಲ್ಲ ರೀ."

"ಎಲ್ಲಿಗೆ?"

"ನಿಮ್ಮ ರಾಜಭವನಕ್ಕೆ. ಬರಲ್ಲ. ನಾನು ಶಿವಮೊಗ್ಗಕ್ಕೆ ಹೋಗ್ತೀನಿ."

"ಈಗ ಹೇಳಿದ್ರೆ ಹೇಗೆ? ನಾನು ಒಪ್ಪಿಕೊಂಡು ಡೆಲ್ಲಿಗೆ ತಂತಿ ಹೋಗಿಯಾಗಿದೆ."

"ರಾಜ್ಯಪಾಲರನ್ನ ಮಾಡಿರೋದು ನಿಮ್ಮನ್ನ. ನನ್ನನ್ನ ಯಾರೂ ಮಾಡಿಲ್ಲ."

"ಜನ ಏನಂತಾರೆ ಗೌರಿ?"

"ಅನ್ಲಿ. ಶಿವಮೊಗ್ಗದಲ್ಲಿ ಅಂದ್ರೆ ಅಲ್ಲೇ ನಿಂತು ಉತ್ತರ ಕೊಡ್ತೀನಿ. ನಿಮ್ಮ ರಾಜಭವನದಲ್ಲಾದ್ರೆ ನಗಬೇಕು. ನನಗೆ ನಕ್ಕು ಸಾಕಾಗಿದೆ ಕಣ್ರೀ!"

ಮೇಜಿಗೆ ಪ್ಲಾಸ್ಟರಿನ ಕೈಯನ್ನೇ ಕುಟ್ಟಿದಳು. ನೋವಾಗಿ ಅಮ್ಮಾ ಅಂದಳು, ಆದರೂ ನಿಲ್ಲಿಸಲಿಲ್ಲ. ಆಫ್ರಿಕಾದಲ್ಲಿ ಆ ಪಕ್ಕದ ಮನೆಯವಳು ನಮ್ಮ ದೇಶವನ್ನ ಹಾಗಂದಾಗ ನೀವು ನನ್ನ ಕಾಲು ಒತ್ತಿ ಸುಮ್ಮನಿರಿಸಿದ್ರಿ ಅಂತ ಒಂದು. ಅವ್ವ ತೀರಿಕೊಂಡಾಗ ಔತಣ ಮುಗಿಸಿ ಹೊರಡು ಅಂದ್ರಿ ಅಂತ ಇನ್ನೊಂದು. ಭಾವ ಮೊದಲು ಸಮಾಧಾನ ಹೇಳಿದರು, ಆಮೇಲೆ ಅವರ ದನಿಯೂ ಏರಿತು. "ನೀನು ಯಾವತ್ತಾದ್ರೂ ಬಾಯಿ ಬಿಟ್ಟು ಹೇಳಿದ್ಯೇನೇ?" ಅಂತ ಕೂಗಿದರು. ಅಡಿಗೆಯವಳು ಬಾಗಿಲ ಸಂದಿಯಿಂದ ಇಣುಕಿ, ರಾಯಭಾರಿಗಳು ಕೂಗೋದನ್ನು ನೋಡಿ ಬಾಯಿ ತೆರೆದುಕೊಂಡು ನಿಂತಳು. ನಾನು ಮಾತ್ರ ನೆಮ್ಮದಿಯಾಗಿ ಉಪ್ಪಿಟ್ಟು ತಿಂದೆ. ಆ ಮನೆಯಲ್ಲಿ ನನಗೆ ರುಚಿಸಿದ ಮೊದಲ ತಿಂಡಿ.

ಕೊನೆಗೆ ಇಬ್ಬರೂ ಕೂಗಿ ಸುಸ್ತಾದರು. ಭಾವ ಸಣ್ಣಗೆ, "ಅಷ್ಟು ದೊಡ್ಡ ಮನೇಲಿ ನಾನೊಬ್ನೇ ಹೇಗಿರ್ಲಿ ಗೌರಿ?" ಅಂದರು.

ನಾನು ಅಂದುಕೊಂಡೆ, ಮುಗಿಯಿತು, ಕರಗಿದಳು. ಅಕ್ಕ ಕಣ್ಣೊರೆಸಿಕೊಂಡಳು.

"ನೀವು ಆಫೀಸಿಗೆ ಹೋದ ಮೇಲೆ ನಾನು ಎಲ್ಲಾ ಊರಲ್ಲೂ ಹೇಗಿದ್ದೆನೋ ಹಾಗೇ ಇರಿ. ಅಭ್ಯಾಸ ಆಗುತ್ತೆ. ರಜಾ ಸಿಕ್ಕಾಗ ಬನ್ನಿ. ನಾನು ಮನೇಲೇ ಇರ್ತೀನಿ."

ಅವತ್ತು ಮಧ್ಯಾಹ್ನ ಭಾವ ಗುಮಾಸ್ತನನ್ನು ಕರೆಯಲಿಲ್ಲ. ತಾವೇ ಕೋಟು ಬಿಚ್ಚಿಟ್ಟು, ಬಿಸಿನೀರಿನ ಬಟ್ಟೆ ಹಿಡಿದು, ಅಕ್ಕನ ಪೆಟ್ಟಿಗೆಗಳ ಚೀಟಿಗಳನ್ನು ಒಂದೊಂದಾಗಿ ನೆನೆಸಿ ಕಿತ್ತರು. ಸರಿಯಾಗಿ ಕೀಳೋಕೂ ಬರಲ್ಲ ಅವರಿಗೆ, ಅರ್ಧ ಅಂಟಿಕೊಂಡೇ ಉಳಿಯಿತು. ನೋಡಲಾಗದೆ ನಾನು ಉಗುರಿನಿಂದ ಕೆರೆದೆ.

ಭದ್ರಾವತಿಯ ಕಡೆಗೆ

ಭಾವ ವಿಮಾನದಲ್ಲಿ ಡೆಲ್ಲಿಗೆ ಹೋದರು, ನಾವಿಬ್ಬರು ಹಡಗಿನಲ್ಲಿ ಬಂದೆವು. ಬೊಂಬಾಯಿಯಲ್ಲಿ ಇಳಿದಾಗ ಪೇಪರಿನಲ್ಲಿ ಅವರ ಫೋಟೊ ಬಂದಿತ್ತು, ಪ್ರಮಾಣವಚನ ತೆಗೆದುಕೊಳ್ಳುತ್ತಿರುವುದು. ಅಕ್ಕ ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಕಾಲರ್ ಇಸ್ತ್ರಿ ಸರಿಯಾಗಿಲ್ಲ" ಅಂದಳು. ಆಮೇಲೆ ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತುಬಿಟ್ಟಳು. ನನಗೆ ಹೆದರಿಕೆಯಾಯಿತು. ನಾನು ಬಾಯಿ ಹಾಕದಿದ್ದರೆ ಇವಳು ಈಗ ಗಂಡನ ಪಕ್ಕದಲ್ಲಿ ಇರುತ್ತಿದ್ದಳಲ್ಲ? ಊರಿನವರು ಏನೇನು ಕಟ್ಟಿ ಆಡುತ್ತಾರೋ? ಕೇಳೋಣ ಅಂದರೆ ಅವಳು ಕಿಟಕಿಯಿಂದ ಮುಖ ತಿರುಗಿಸಲೊಲ್ಲಳು. ಸಿಟ್ಟು ಬಂತು, ಸುಮ್ಮನಾದೆ.

ತರೀಕೆರೆಯಲ್ಲಿ ಒಬ್ಬ ಹೆಂಗಸು ಬುಟ್ಟಿ ಹೊತ್ತುಕೊಂಡು ಹತ್ತಿ ಅಕ್ಕನ ಎದುರಿಗೆ ಕೂತಳು. ಭದ್ರಾವತಿಯ ಕಾರ್ಖಾನೆ ಕೂಲಿಯವರ ಪೈಕಿ, ಮಾತಿನಲ್ಲಿ ತಮಿಳು ಇತ್ತು. ಎಲೆಅಡಿಕೆ ಹಾಕಿಕೊಂಡು ಅಕ್ಕನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಪೆಟ್ಟಿಗೆಗಳನ್ನು ನೋಡಿದಳು.

"ತುಂಬ ದೂರದಿಂದ ಬರ್ತಿದೀರಾ ಅಮ್ಮಾ? ಯಜಮಾನ್ರಿಗೆ ಏನು ಕೆಲ್ಸ?"

"ಊರೂರು ಸುತ್ತೋ ಸರ್ಕಾರಿ ಕೆಲಸ" ಅಂದಳು ಅಕ್ಕ.

"ನೀವೂ ಜೊತೇಲೇ ಸುತ್ತಿದ್ರಾ?"

"ಹ್ಞೂಂ. ನಾನೂ ಅದೇ ಕೆಲಸ ಮಾಡ್ತಿದ್ದೆ. ಈಗ ಬಿಟ್ಟೆ."

"ಪಿಂಚಣಿ ಕೊಡ್ತಾರಾ?"

"ಇಲ್ಲ ಕಣಮ್ಮ."

"ಅಯ್ಯೋ ಕರ್ಮವೇ!" ಆ ಹೆಂಗಸು ಎಲೆಅಡಿಕೆ ಅಗಿಯೋದನ್ನೇ ನಿಲ್ಲಿಸಿದಳು. "ಪಿಂಚಣಿ ಇಲ್ದೆ ಸರ್ಕಾರಿ ಕೆಲ್ಸ ಯಾರಾದ್ರೂ ಬಿಡ್ತಾರಾ ಅಮ್ಮಾ?"

ಅಕ್ಕ ಕಿಟಕಿಯಿಂದ ಮುಖ ತಿರುಗಿಸಿ ಅವಳನ್ನು ನೇರವಾಗಿ ನೋಡಿದಳು. ನಗಲಿಲ್ಲ.

"ನಾನು ಬಿಟ್ಟೆ ನೋಡು" ಅಂದಳು.